ಅಕ್ಕಯಮ್ಮನ ಎರಡನೆಯ ಪ್ರಶ್ನೆ

ಸಾರಕ್ಕಿಯಲ್ಲಿ ಹೊಟ್ಟೆ ಕಟ್ಟಿದವರೆಲ್ಲ ಅಕ್ಕಯಮ್ಮನ ಜಗುಲಿಗೇ ಬರುತ್ತಿದ್ದರು. ಆಕೆಯ ಪ್ರಶ್ನೆ ಒಂದೇ: “ಯಾವತ್ತಿಂದ?” ನಿನ್ನೆ ಮೊನ್ನೆಯದಾದರೆ ನೆನೆಸಿದ ಒಣದ್ರಾಕ್ಷಿ, ವಾರವಾಗಿದ್ದರೆ ಬಿಸಿ ಕಾಫಿಯಲ್ಲಿ ಹರಳೆಣ್ಣೆ, ಮುದುಕರಿಗೆ ಇಸಬಗೋಲು. ಬಸುರಿಯರಿಗೆ ಹರಳೆಣ್ಣೆ ಮುಟ್ಟಿಸುತ್ತಿರಲಿಲ್ಲ. ಸೋನಾಮುಖಿ ಎಲೆಯ ಕಷಾಯ ಹಟಮಾರಿ ಹೊಟ್ಟೆಗೆ, ಅದೂ ಒಂದೇ ಸಲ. “ರೂಢಿ ಮಾಡ್ಕೊಂಡ್ರೆ ಕರುಳು ಸೋಮಾರಿ ಆಯ್ತದೆ” ಎನ್ನುತ್ತಿದ್ದಳು.

ಅರವತ್ತೆರಡನೆಯ ವಯಸ್ಸಿನಲ್ಲಿ ಅವಳ ಹೊಟ್ಟೆಯೇ ಕಟ್ಟಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಂತಾಯಿತು. ಯಾರಿಗೆ ಹೇಳುವುದು? ದ್ರಾಕ್ಷಿಗೆ ಜಗ್ಗಲಿಲ್ಲ. ಹರಳೆಣ್ಣೆ ಒಂದು ದಿನ ಕೆಲಸ ಮಾಡಿ ಕೈಬಿಟ್ಟಿತು. ಇಸಬಗೋಲಿಗೆ ಹೊಟ್ಟೆ ಉಬ್ಬರಿಸಿತಷ್ಟೆ. ಕೊನೆಗೆ ತಾನೇ ಬೇಡವೆನ್ನುತ್ತಿದ್ದ ಸೋನಾಮುಖಿಯನ್ನು ನಾಲ್ಕು ದಿನ ಕುಡಿದು ನುಲಿತದಿಂದ ನರಳಿದಳು. ಒಳಗೆ ಗಂಟೇನೋ ಬೆಳೆದಿದೆ, ಇನ್ನು ತಾನು ಉಳಿಯುವುದಿಲ್ಲ ಎಂಬ ಭಯ ಹತ್ತಿತು.

ಒಂದು ದಿನ ಪಕ್ಕದ ಬೀದಿಯ ಗೌರಮ್ಮ ಅದೇ ದೂರು ತಂದಳು.

“ಯಾವತ್ತಿಂದ?”

“ಹೊಸ ಮನೆಗೆ ಬಂದಾಗ್ನಿಂದ ಕಣಕ್ಕಾ.”

ಹರಳೆಣ್ಣೆ ಸೀಸೆಯ ಮೇಲಿದ್ದ ಅಕ್ಕಯಮ್ಮನ ಕೈ ಅಲ್ಲೇ ನಿಂತಿತು. ಈ ಪ್ರಶ್ನೆಯನ್ನು ತನಗೆ ತಾನು ಕೇಳಿಕೊಂಡೇ ಇರಲಿಲ್ಲ. ತಮ್ಮ ರಾಗಿ ಹೊಲ ಬಡಾವಣೆಯ ಸೈಟುಗಳಾದಾಗಿನಿಂದಲೇ ಅಲ್ಲವೇ? ಮೊದಲಾದರೆ ನಸುಕಿನಲ್ಲಿ ಹೆಂಗಸರೆಲ್ಲ ಕೂಡಿ ಹೊಲದ ಕಡೆ ಹೋಗುತ್ತಿದ್ದರು. ಈಗ ಗಂಡ ತಿಮ್ಮರಾಯಪ್ಪ ನಡುಮನೆಗೆ ಅಂಟಿಸಿ ಕಕ್ಕಸು ಕಟ್ಟಿಸಿದ್ದ, ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದ. ಬೆಳಗಾದರೆ ಅದೇ ಗೋಡೆಗೆ ಒರಗಿ ತಮ್ಮಂದಿರ ಜೊತೆ ಕಾಫಿ, ಪೇಪರು. ಗೋಡೆಯಾಚೆ ಗಂಡಸರ ಕೆಮ್ಮು ಕೇಳುತ್ತಿದ್ದರೆ ಯಾವ ಹೆಂಗಸಿಗೆ ತಾನೇ ಆದೀತು? ಅವರು ಎದ್ದ ಮೇಲೆ ಹೋಗೋಣವೆಂದು ಆಕೆ ತಡೆಯುತ್ತಿದ್ದಳು. ಆ ಹೊತ್ತಿಗೆ ಹೊಟ್ಟೆಯ ಕರೆಯೇ ಸತ್ತುಹೋಗಿರುತ್ತಿತ್ತು.

ಮಧ್ಯಾಹ್ನ ಮುದ್ದೆ ಬಡಿಸುತ್ತ, ನಲವತ್ತೈದು ವರ್ಷದ ಸಂಸಾರದಲ್ಲಿ ಎತ್ತದ ಮಾತನ್ನು ಎತ್ತಿದಳು.

“ಬೆಳಿಗ್ಗೆ ನೀವೆಲ್ಲ ಆಚೆ ಹೋಗಿ. ಗೋಡೆ ಪಕ್ಕ ಕೂತಿದ್ರೆ ನಂಗೆ ಆಗಲ್ಲ.”

ಕಟ್ಟಿಸಿದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ ಎಂದು ತಿಮ್ಮರಾಯಪ್ಪನಿಗೆ ನಾಚಿಕೆಯಾಯಿತು. ಮರುದಿನ ಆರಕ್ಕೇ ತಮ್ಮಂದಿರನ್ನು ಹೋಟೆಲಿಗೆ ಹೊರಡಿಸಿದ. ಮನೆಯಲ್ಲಿ ಕಾಫಿ ಇರುವಾಗ ಹೋಟೆಲ್ಲೇಕೆ ಎಂದು ಅವರು ಕೇಳಿದರೆ, “ಸುಮ್ನೆ ನಡೀರ್ರಪ್ಪ” ಎಂದ.

ಹದಿನೈದು ದಿನದಲ್ಲಿ ಅಕ್ಕಯಮ್ಮನ ಹೊಟ್ಟೆ ಹಳೆಯ ದಾರಿಗೆ ಬಂತು, ಭಯವೂ ಹೋಯಿತು. ಮದ್ದು ಕೊಡುವುದನ್ನು ಆಕೆ ಬಿಡಲಿಲ್ಲ. ಆದರೆ ಹೆಂಗಸರು ಬಂದರೆ, “ಯಾವತ್ತಿಂದ?” ಆದ ಮೇಲೆ ಇನ್ನೊಂದನ್ನು ಕೇಳುತ್ತಿದ್ದಳು:

“ಗೋಡೆ ಆಚೆ ಯಾರು ಕೂತಿರ್ತಾರೆ?”