ಕಾಫಿ ಗುಡ್ಡಕ್ಕೆ ಎರಡು ಲೇಡೀಸ್ ಸೈಕಲ್ಲು

ತ್ಯಾವಣಿಗೆಯಲ್ಲಿ ಟೀಚರಾಗಿ ಕೆಲಸಕ್ಕೆ ಸೇರಿದಾಗ ನನಗಿನ್ನೂ ಚಿಕ್ಕ ವಯಸ್ಸು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಚನ್ನಗಿರಿಯ ನಮ್ಮ ಮನೆಯಿಂದ ದಿನಾ ಬಸ್ಸಿಗೆ ಕಾದು ಓಡಾಡುವುದು ಕಷ್ಟವಾಗಿ ಅಲ್ಲೇ ಒಂದು ರೂಮು ಹಿಡಿದೆ. ಆ ರೂಮಿನಲ್ಲಿ ನನಗಿಂತ ಮೊದಲೇ ಇನ್ನೊಬ್ಬ ಟೀಚರಿದ್ದರು. ಜಗಳೂರು ತಾಲ್ಲೂಕಿನ ಸೊಕ್ಕೆಯವರು, ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಊರಿನವರೆಲ್ಲ ಅವರನ್ನು ಸೊಕ್ಕೆ ಅಕ್ಕೋರು ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ.

ಸೊಕ್ಕೆ ಅಕ್ಕೋರು ಯಾವುದನ್ನೂ ಅಷ್ಟಕ್ಕೇ ಬಿಡುವವರಲ್ಲ. ಬೀದಿಯ ಬೋರ್‌ವೆಲ್ಲು ಕೆಟ್ಟು ಅದರ ಪೈಪುಗಳನ್ನು ಮೇಲೆ ಎಳೆದಾಗ, ಒಳಗೆ ಏನೇನಿದೆ ಅಂತ ನೋಡಲು ಊಟ ಬಿಟ್ಟು ಬಿಸಿಲಲ್ಲಿ ನಿಂತವರು ಅವರು. ಪೈಪಿನ ಕೊನೆಯ ತೊಗಲಿನ ವಾಷರನ್ನು ಕೈಯಲ್ಲಿ ಹಿಡಿದು ನೋಡಿದ ಮೇಲೇ ಮನೆಗೆ ಬಂದದ್ದು.

ಒಂದು ಸಂಜೆ ಕಾಫಿ ಸೋಸುತ್ತಾ ಅವರು ಕೇಳಿದರು, "ಇದು ಗಿಡದಾಗೆ ಇದ್ದಾಗ್ಲೂ ಹಿಂಗೇ ಘಮಘಮ ಅಂತೈತೇನ್ರೀ?"

"ಅನ್ಬೋದು," ಅಂದೆ.

"ಅನ್ಬೋದು ಅಂದ್ರೆ? ನಿಮ್ಮ ಸೋದರತ್ತೆ ಕಾಫಿ ತೋಟದಾಗೇ ಇದಾರೆ ಅಂತೀರಿ. ನೋಡಿಲ್ವಾ?"

ಅತ್ತೆ ಇದ್ದದ್ದು ನಿಜ. ಲಿಂಗದಹಳ್ಳಿ ದಾಟಿ ಸಂತವೇರಿ ಘಾಟಿ ಹತ್ತಿದರೆ ಸಿಗುವ ಒಂದು ತೋಟದಲ್ಲಿ ಮಾವ ರೈಟರು, ಅಂದರೆ ಆಳುಗಳ ಹಾಜರಿ ನೋಡಿಕೊಳ್ಳುವ ಕೆಲಸ. ಆದರೆ ನಾನು ಅಲ್ಲಿಗೆ ಹೋಗಿದ್ದು ಚಿಕ್ಕವಳಿದ್ದಾಗ, ಅದೂ ಬಸ್ಸಿನಲ್ಲಿ. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿ, ದಾರಿಯುದ್ದಕ್ಕೂ ಅಮ್ಮನ ತೊಡೆಯ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ. ಹೂವು, ಕಾಯಿ, ವಾಸನೆ ಯಾವುದೂ ನೆನಪಿರಲಿಲ್ಲ. ಅದನ್ನು ಹೇಳಿದೆ.

"ಹಂಗಾದ್ರೆ ಬೇಸಿಗೆ ರಜಕ್ಕೆ ಸೈಕಲ್ಲಾಗೆ ಹೋಗಾಣ," ಅಂದರು. "ಬಸ್ಸು ನಾವು ನೋಡ್ಬೇಕಾದ ಕಡೆ ನಿಲ್ಲಂಗಿಲ್ಲ."

ಇಬ್ಬರ ಹತ್ತಿರವೂ ಲೇಡೀಸ್ ಸೈಕಲ್ಲಿತ್ತು. ಸಂತೆಗೆ ಹೋಗಿ ಬರಲು, ಅಕ್ಕಪಕ್ಕದ ಹಳ್ಳಿಗಳಲ್ಲಿ ಜನಗಣತಿಯ ಮನೆಮನೆ ಲೆಕ್ಕಕ್ಕೆ ತಿರುಗಲು ಬಳಸುತ್ತಿದ್ದೆವು. ಅದರಲ್ಲಿ ಬೆಟ್ಟ ಹತ್ತಬಹುದೆಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಇಬ್ಬರೇ ಹೆಣ್ಣುಮಕ್ಕಳು ಅಷ್ಟು ದೂರ ಸೈಕಲ್ ತುಳಿಯುವುದೇ ಅಂತ ಮನೆಯಲ್ಲಿ ಅಮ್ಮ ಮುಖ ಗಂಟಿಕ್ಕಿದರು. ಹೋಗುತ್ತಿರುವುದು ಅತ್ತೆಯ ಮನೆಗೆ ಅಂದಾಗ ಅಪ್ಪ ಅತ್ತೆಗೆಂದು ಅಡಿಕೆಯ ಪೊಟ್ಟಣ ಕಟ್ಟಿದರು. ಅದನ್ನೇ ಒಪ್ಪಿಗೆ ಅಂತ ನಾನು ತಿಳಿದುಕೊಂಡೆ.

ತರೀಕೆರೆಯ ತನಕ ಸೈಕಲ್ಲುಗಳನ್ನು ಬಸ್ಸಿನ ಟಾಪಿಗೆ ಹಾಕಿದೆವು. ಅಲ್ಲಿಂದ ಲಿಂಗದಹಳ್ಳಿಗೆ ತುಳಿದೆವು. ಅಷ್ಟು ಹೊತ್ತು ರಸ್ತೆ ನಮ್ಮೂರಿನ ರಸ್ತೆಯಂತೆಯೇ ಇತ್ತು. ಆಮೇಲೆ ಗುಡ್ಡಗಳು ಹತ್ತಿರ ಬಂದವು, ರಸ್ತೆ ಏರತೊಡಗಿತು. ಮೊದಲ ತಿರುವಿನಲ್ಲೇ ನನ್ನ ಉಸಿರು ಕಟ್ಟಿತು. ಇಳಿದು ಸೈಕಲ್ ತಳ್ಳಿದೆ. ಅಕ್ಕೋರು ಮಾತ್ರ ರಸ್ತೆಯ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಓರೆಯಾಗಿ ತುಳಿಯುತ್ತಾ ಹೋದರು.

"ಹಿಂಗೆ ಅಡ್ಡಡ್ಡ ಹೊಡೀರಿ, ಏರು ಕಮ್ಮಿ ಆಗ್ತೈತೆ," ಅಂತ ಮೇಲಿನಿಂದ ಕೂಗಿದರು.

ಹೊಡೆದೆ. ನಿಜವಾಗಿಯೂ ಕಮ್ಮಿಯಾಯಿತು. ದಾರಿ ಉದ್ದವಾಯಿತು, ಆದರೆ ನಮಗೇನೂ ಅವಸರವಿರಲಿಲ್ಲ. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ವಲ್ಪ ತುಳಿದು, ಸ್ವಲ್ಪ ತಳ್ಳಿ, ಕಲ್ಲಿನ ಮೇಲೆ ಕೂತು ನೀರು ಕುಡಿದು ಮುಂದೆ ಹೋದೆವು. ಎದುರಿನಿಂದ ಬಂದ ಲಾರಿಯವನು ಲಾರಿ ನಿಲ್ಲಿಸಿ, "ಎಲ್ಲಿಗಮ್ಮ?" ಅಂತ ಕೇಳಿದ. ಅಕ್ಕೋರು, "ಕಾಫಿ ಗಿಡ ನೋಡಾಕೆ," ಅಂದರು. ಅವನು ಹಾರ್ನ್ ಹೊಡೆದು ಮುಂದೆ ಹೋದ.

ಮೊದಲ ತೋಟದ ಬೇಲಿ ಸಿಕ್ಕಿದಾಗ ಮಧ್ಯಾಹ್ನವಾಗಿತ್ತು. ಸಿಲ್ವರ್ ಓಕಿನ ಎತ್ತರದ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿತ್ತು. ಅವುಗಳ ನೆರಳಿನಲ್ಲಿ ನನ್ನ ಎದೆಯೆತ್ತರದ ಗಿಡಗಳು. ಎಲೆ ದಪ್ಪ, ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಅಕ್ಕೋರು ಸೈಕಲ್ಲನ್ನು ಬೇಲಿಗೆ ಆನಿಸಿ, ಎಲೆಯೊಂದನ್ನು ಕಿತ್ತು ಮೂಸಿದರು. ನನಗೂ ಮೂಸಲು ಕೊಟ್ಟರು. ಸುಮ್ಮನೆ ಹಸಿ ಎಲೆಯ ವಾಸನೆ. ಬಾಯಿಗೆ ಹಾಕಿ ಅಗಿದು ಉಗಿದರು. ಕೆಳಗೆ ಬಿದ್ದಿದ್ದ ಒಣಗಿದ ಕಾಯೊಂದನ್ನು ಉಗುರಿನಿಂದ ಸುಲಿದು ಒಳಗಿನ ಬೀಜ ಕಚ್ಚಿದರು.

"ಏನು ರುಚಿ?" ಅಂದೆ.

"ಹಸಿ ಕಡ್ಲೆಬೀಜದಂಗೂ ಇಲ್ಲ. ಬರೇ ಹುಲ್ಲು," ಅಂದರು. ಅವರ ಮುಖದಲ್ಲಿ ನಿರಾಸೆ ಇರಲಿಲ್ಲ. ಕಳ್ಳನ ಹೆಜ್ಜೆ ಕಂಡವರ ಹಾಗೆ ಹುಬ್ಬು ಮೇಲೇರಿತ್ತು.

ಗಿಡದ ಕೊಂಬೆಗಳಿಗೆ ಸಣ್ಣ ಮೇಣದಬತ್ತಿಗಳಂತಹ ಹಸಿರು ಮೊಗ್ಗುಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು. ಒಂದಾದರೂ ಅರಳಿರಲಿಲ್ಲ. ಮುಂದಿನ ಎರಡು ತಿರುವಿನಲ್ಲೂ ಹಾಗೇ ಇತ್ತು. ಮೂರನೆಯ ತಿರುವಿನಲ್ಲಿ ಇಬ್ಬರೂ ಒಟ್ಟಿಗೇ ಕಾಲು ನೆಲಕ್ಕೂರಿದೆವು. ರಸ್ತೆಯ ಕೆಳಗಿನ ಇಳಿಜಾರಿನುದ್ದಕ್ಕೂ ಗಿಡಗಳು ಬೆಳ್ಳಗಾಗಿದ್ದವು. ಎಲೆಯೇ ಕಾಣದಷ್ಟು ಹೂವು. ಮಲ್ಲಿಗೆಯನ್ನು ಮೊರದಲ್ಲಿ ತಂದು ಮುಖದ ಹತ್ತಿರ ಹಿಡಿದಂತಹ ವಾಸನೆ. ಜೇನುಹುಳಗಳ ಗುಂಯ್ ಸದ್ದು ಎಷ್ಟಿತ್ತೆಂದರೆ ಎಲ್ಲೋ ಮೋಟರು ಓಡುತ್ತಿದೆ ಅಂದುಕೊಂಡಿದ್ದೆ. ವಿಚಿತ್ರವೆಂದರೆ, ಆ ಬಿಳುಪು ಇಳಿಜಾರಿನ ನಡುವೆ ಒಂದು ಕಡೆ ಥಟ್ಟನೆ ನಿಂತುಹೋಗಿತ್ತು. ಆಚೆಗೆ ಮತ್ತೆ ಬರೀ ಹಸಿರು ಮೊಗ್ಗು.

"ಬೇರೆ ಜಾತಿ ಗಿಡ ಇರ್ಬೇಕು," ಅಂದೆ.

"ಎಲೆ ಒಂದೇ ಐತಲ್ರೀ," ಅಂದರು ಅಕ್ಕೋರು. ಹೂವಿದ್ದ ಗಿಡದ ಬುಡದ ಮಣ್ಣನ್ನೂ ಇಲ್ಲದ ಗಿಡದ ಬುಡದ ಮಣ್ಣನ್ನೂ ಕೆದಕಿ ನೋಡಿದರು. ಏನೂ ತಿಳಿಯಲಿಲ್ಲ.

ತಿಳಿದದ್ದು ಅತ್ತೆಯ ಮನೆಯಲ್ಲಿ. ನಮ್ಮನ್ನು, ನಮ್ಮ ಸೈಕಲ್ಲುಗಳನ್ನು ಕಂಡು ಅತ್ತೆ ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಮಾವ ತೋಟದ ಕೆಲಸದ ಮೇಲೆ ಚಿಕ್ಕಮಗಳೂರಿಗೆ ಹೋಗಿದ್ದರು. ನಾವು ಕೈಕಾಲು ತೊಳೆಯುವಷ್ಟರಲ್ಲೇ ಅಕ್ಕೋರು ಹೂವಿನ ವಿಷಯ ಎತ್ತಿದರು.

"ಮಳೆ ಎಲ್ಲಿ ಬಿತ್ತೋ ಅಲ್ಲಿ ಹೂವು," ಅಂದರು ಅತ್ತೆ. "ಹೋದ ವಾರ ಆ ಪಕ್ಕ ಒಂದು ಮೋಡ ಹೊಡ್ಕೊಂಡು ಹೋಯ್ತು. ಈ ಪಕ್ಕಕ್ಕೆ ಇನ್ನೂ ಬಂದಿಲ್ಲ."

ಅಂದರೆ ನಾವು ರಸ್ತೆಯಲ್ಲಿ ನಿಂತು ನೋಡಿದ್ದು, ಹೋದ ವಾರದ ಮಳೆ ನಿಂತ ಗೆರೆಯನ್ನು. ಅದನ್ನು ಕೇಳಿ ನನ್ನ ಮೈ ಜುಮ್ಮೆಂದಿತು. ಮಳೆ ಬಿದ್ದು ಒಣಗಿದ ಮೇಲೂ ಅದರ ಅಂಚು ಹಾಗೆ ಕಾಣಿಸುತ್ತದೆಂದು ನಾನು ಎಣಿಸಿರಲಿಲ್ಲ.

"ಹೂವು ಮಲ್ಲಿಗೆ, ಬೀಜ ಹುಲ್ಲು. ಹಂಗಾದ್ರೆ ಕಾಫಿ ವಾಸನೆ ಎಲ್ಲೈತೆ?" ಅಂತ ಅಕ್ಕೋರು ಕೇಳಿದರು.

ಅತ್ತೆ ನಕ್ಕು, ಮನೆಗೆಂದು ಇಟ್ಟುಕೊಂಡಿದ್ದ ಒಣ ಕಾಯಿಗಳನ್ನು ಒರಳಿನಲ್ಲಿ ಕುಟ್ಟಿ, ಸಿಪ್ಪೆ ಕೇರಿ, ಬೀಜವನ್ನು ಕಬ್ಬಿಣದ ಬಾಣಲೆಗೆ ಹಾಕಿದರು. ಅಕ್ಕೋರು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೊದಲು ನೆನೆದ ಹುಲ್ಲಿನ ಮೆದೆಯ ವಾಸನೆ ಬಂತು. ಬೀಜ ಹಳದಿಯಾದಾಗ ರೊಟ್ಟಿ ಸುಟ್ಟಂತೆ. "ಇನ್ನೂ ಇಲ್ಲ," ಅಂತ ಅಕ್ಕೋರು ತಮ್ಮಷ್ಟಕ್ಕೆ ಅಂದುಕೊಂಡರು. ಬಾಣಲೆಯಿಂದ ಆಗಾಗ ಒಂದು ಬೀಜ ತೆಗೆದು ಸೆರಗಿನ ಮೇಲೆ ಸಾಲಾಗಿ ಇಟ್ಟುಕೊಂಡರು. ಆಮೇಲೆ ಬೀಜಗಳು ಚಟಚಟ ಸಿಡಿಯತೊಡಗಿದವು. ಹೊಗೆಯೆದ್ದಿತು. ಒಮ್ಮೆಗೇ, ಯಾರೋ ಬಾಗಿಲು ತೆಗೆದು ಒಳಗೆ ಬಂದ ಹಾಗೆ, ಕಾಫಿಯ ಘಮ ಅಡಿಗೆಮನೆ ತುಂಬಿತು.

"ಬೆಂಕಿಯಾಗೆ ಹುಟ್ತೈತೆ ಕಣ್ರೀ," ಅಂದರು ಅಕ್ಕೋರು. ಅವರ ಕಣ್ಣಲ್ಲಿ ನೀರಿತ್ತು. ಹೊಗೆಗೆ ಬಂದದ್ದೋ ಏನೋ.

"ಇಷ್ಟು ವರ್ಷದಿಂದ ಹುರೀತಿದೀನಿ, ಒಂದು ದಿನಾನೂ ಹಿಂಗೆ ನಿಂತು ನೋಡಿಲ್ಲ," ಅಂದರು ಅತ್ತೆ. ಅಂದು ಬೆಲ್ಲ ಹಾಕಿದ ಆ ಕಾಫಿಯನ್ನು ಮೂವರೂ ಒಲೆಯ ಮುಂದೆಯೇ ಕೂತು ಕುಡಿದೆವು.

ಮಾರನೆಯ ದಿನ ಅತ್ತೆ ನಮ್ಮ ಸೈಕಲ್ಲುಗಳ ಸುತ್ತ ಸುಳಿದಾಡಿದರು. ಬೆಲ್ಲು ಬಾರಿಸಿದರು, ಪೆಡಲು ತಿರುಗಿಸಿದರು. ಕೊನೆಗೆ ನನ್ನನ್ನು ಕರೆದು, "ನಾನೂ ಒಂದ್ಸಲ ಕೂತ್ಕೊಳ್ಳಾ?" ಅಂತ ಮೆಲ್ಲಗೆ ಕೇಳಿದರು. ಆಗ ಅವರಿಗೆ ಐವತ್ತರ ಹತ್ತಿರ. ಆ ಗುಡ್ಡದಲ್ಲಿ ಸಮನಾದ ನೆಲ ಅಂದರೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಒಂದೇ. ಬೇಸಿಗೆಯಾದ್ದರಿಂದ ಅದು ಖಾಲಿಯಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಅಕ್ಕೋರು ಹಿಡಿದು ಅತ್ತೆಯನ್ನು ಓಡಿಸಿದೆವು. ಎರಡು ಸಲ ಬಿದ್ದರು. ಮಂಡಿ ತರಚಿತು. ಮೂರನೆಯ ಸಲ ನಾವು ಕೈ ಬಿಟ್ಟದ್ದು ಅವರಿಗೆ ಗೊತ್ತಾಗಲೇ ಇಲ್ಲ. ಕಣದ ಆ ತುದಿಗೆ ಹೋಗಿ, ತಿರುಗಿಸುವುದು ತಿಳಿಯದೆ, ಕಟ್ಟೆಗೆ ಚಕ್ರ ತಾಗಿಸಿ ನಿಂತರು. ನಿಂತವರು ನಮ್ಮ ಕಡೆ ನೋಡದೆ ಬಹಳ ಹೊತ್ತು ಕೆಳಗಿನ ಕಣಿವೆಯನ್ನೇ ನೋಡುತ್ತಿದ್ದರು. "ನಿಮ್ಮ ಮಾವಂಗೆ ಹೇಳ್ಬೇಡ," ಅಂದರು. ಆಮೇಲೆ ಯೋಚಿಸಿ, "ಇಲ್ಲ, ನಾನೇ ಹೇಳ್ತೀನಿ," ಅಂದರು.

ಹತ್ತುವಾಗ ಕಾಲು ಸೋತಿದ್ದರೆ ಇಳಿಯುವಾಗ ಕೈ ಸೋತಿತು. ಬ್ರೇಕನ್ನು ಒತ್ತಿ ಒತ್ತಿ ಬೆರಳು ಮರಗಟ್ಟಿದವು. ರಬ್ಬರು ಕಾದು ಸುಟ್ಟ ವಾಸನೆ ಹೊಡೆಯಿತು. ಒಂದು ಇಳಿಜಾರಿನಲ್ಲಿ ಅಕ್ಕೋರ ಹಿಂದಿನ ಬ್ರೇಕಿನ ರಬ್ಬರು ಹಾರಿಹೋಯಿತು, ಮುಂದಿನದು ಆಗಲೇ ಸವೆದಿತ್ತು. ಅವರು ನನ್ನನ್ನು ದಾಟಿ ಗಾಳಿಯಂತೆ ಹೋಗಿ ತಿರುವಿನಲ್ಲಿ ಮರೆಯಾದರು. ನಾನು ಸೈಕಲ್ಲನ್ನು ಅಲ್ಲೇ ಕೆಡವಿ ಓಡಿದೆ. ತಿರುವು ದಾಟಿದರೆ, ಒಂದು ತೋಟದ ಗೇಟಿಗೆ ಹೋಗುವ ಏರು ದಾರಿಯಲ್ಲಿ ಅವರು ಸೈಕಲ್ ಹಿಡಿದು ನಿಂತಿದ್ದರು.

"ಏರು ಕಂಡ್ತು, ಆ ಕಡೆ ತಿರುಗಿಸ್ದೆ," ಅಂದರು.

ಇಬ್ಬರೂ ಅಲ್ಲೇ ನೆಲದ ಮೇಲೆ ಕೂತೆವು. ನನಗೆ ಅಳು ಬಂತು. ಅವರು ನನ್ನ ಬೆನ್ನು ಸವರುತ್ತಾ, ಸವರುತ್ತಲೇ ರಸ್ತೆ ಬದಿಯಲ್ಲಿ ಕಡಿದು ಹಾಕಿದ್ದ ಕೊಂಬೆಗಳನ್ನು ನೋಡುತ್ತಿದ್ದರು.

"ನಮ್ಮಪ್ಪ ಕಲ್ಲು ಹೇರಿದ ಗಾಡೀನ ಇಳಿಜಾರಾಗೆ ಇಳಿಸ್ಬೇಕಾದ್ರೆ ಹಿಂದೆ ಒಂದು ತೊಲೆ ಕಟ್ಟಿ ಎಳೆಸ್ತಿದ್ರು," ಅಂದರು.

ಅತ್ತೆ ಕಟ್ಟಿಕೊಟ್ಟಿದ್ದ ಕಾಫಿಬೀಜದ ಗಂಟುಗಳ ಹಗ್ಗ ಬಿಚ್ಚಿ, ಎಲೆ ಸಮೇತ ಒಂದೊಂದು ದೊಡ್ಡ ಕೊಂಬೆಯನ್ನು ಕ್ಯಾರಿಯರಿಗೆ ಬಿಗಿದೆವು. ಉಳಿದ ಘಾಟಿಯನ್ನು ಆ ಕೊಂಬೆಗಳನ್ನು ಎಳೆಯುತ್ತಾ, ಹಿಂದೆ ಧೂಳೆಬ್ಬಿಸುತ್ತಾ ಇಳಿದೆವು. ಭಯ ಕಳೆದು, ಕೊನೆಯ ಇಳಿಜಾರಿಗೆ ಬರುವಷ್ಟರಲ್ಲಿ ನನಗೆ ನಗು ತಡೆಯಲಾಗಲಿಲ್ಲ.

ಲಿಂಗದಹಳ್ಳಿಯ ಸೈಕಲ್ ಶಾಪಿನವರು ಕೊಂಬೆಗಳನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಹೊಸ ರಬ್ಬರು ಹಾಕಿಕೊಟ್ಟರು. ಅಕ್ಕೋರು ಹಳೆಯದೊಂದನ್ನು ಕೈಗೆ ತೆಗೆದುಕೊಂಡು ಬಗ್ಗಿಸಿ, ಮೂಸಿ, "ಇದು ಯಾವ ಗಿಡದ್ರೀ?" ಅಂತ ಅವರನ್ನು ಕೇಳುತ್ತಿದ್ದರು.

ಕೆಲವು ವರ್ಷದಲ್ಲಿ ಅವರಿಗೆ ಜಗಳೂರಿಗೂ ನನಗೆ ಹೊನ್ನಾಳಿಗೂ ವರ್ಗವಾಯಿತು. ಆದರೂ ಬೇಸಿಗೆಗೆ ಒಮ್ಮೆ ಸೇರುತ್ತಿದ್ದೆವು. ಒಂದು ವರ್ಷ ನ್ಯಾಮತಿಯಿಂದ ತೀರ್ಥರಾಮೇಶ್ವರದ ಬೆಟ್ಟಕ್ಕೆ ತುಳಿದೆವು. ಬೇಸಿಗೆಯಲ್ಲೂ ಬತ್ತದೆ ಸುರಿಯುವ ಅಲ್ಲಿನ ನೀರು ಎಲ್ಲಿಂದ ಬರುತ್ತದೆಂದು ನೋಡುವುದು ಅವರ ಆಸೆ. ನೀರು ಬರುವ ಬಂಡೆಯ ಹಿಂದೆ ಪೊದೆಗಳಲ್ಲಿ ನುಗ್ಗಿ, ಸೀರೆ ಹರಿದುಕೊಂಡು ಮೇಲಿನ ತನಕ ಹತ್ತಿದೆವು. ಅಲ್ಲಿ ಒಣ ನೆಲ ಬಿಟ್ಟರೆ ಏನೂ ಇರಲಿಲ್ಲ. ಒಳಗೆ ನೀರು ಹರಿಯುವ ಸದ್ದು ಕೇಳುತ್ತದೇನೋ ಅಂತ ಅಕ್ಕೋರು ಆ ನೆಲಕ್ಕೆ ಕಿವಿಯಿಟ್ಟು ಮಲಗಿದರು. ನಾನೂ ಅವರ ಪಕ್ಕದಲ್ಲಿ ಮಲಗಿ ಕೇಳಿಸಿಕೊಂಡೆ.