ಕಿರೀ ಸೊಸೆ ಕಟ್ಟಿದ ಹಲ್ಲುಸೆಟ್ಟು

ನಗಬೇಡ ಪುಟ್ಟೀ, ಬರ್ಕೋ. ಹಲ್ಲಿಲ್ಲದ ಬಾಯಲ್ಲಿ ಅಜ್ಜಿ ಮಾತು ಹಿಂಗೇ ಸೋರೋದು. ನಿನ್ನ ಚಿಕ್ಕಮ್ಮನ ವಿಷಯ ಹೇಳ್ತಿದ್ನಲ್ಲ, ನನ್ನ ಕಿರೀ ಸೊಸೆ. ಮೊದಲು ಬೇರೆಯವರ ಕೈಕೆಳಗೆ ಹಲ್ಲುಸೆಟ್ಟು ಮಾಡ್ತಿದ್ಲು. ಆಮೇಲೆ ಹಟ ಹಿಡಿದು ನಮ್ಮ ಹಿಂದಿನ ಕೋಣೇಲೇ ಸ್ವಂತ ಕೆಲಸ ಶುರು ಮಾಡಿದ್ಲು. ಹಟ ಅಂದ್ರೆ ನೆನಪಾಯ್ತು, ಮದುವೆಗೆ ಮುಂಚೆ ನನ್ನ ಮಗ... ಬೇಡ, ಅದನ್ನ ಹೊಡೆದುಹಾಕು.

ಎಲ್ಲಿದ್ದೆ? ಹಾಂ, ನಮ್ಮ ಸ್ಕೂಲ್ ಮೇಷ್ಟ್ರು. ಇವಳು ಮಾಡಿದ ಸೆಟ್ಟು ಹಾಕ್ಕೊಂಡು ಯಾರದೋ ಬೀಳ್ಕೊಡುಗೇಲಿ ಭಾಷಣಕ್ಕೆ ನಿಂತಿದ್ರು. ಮುಂದಿನ ಹಲ್ಲು ಕಳಚಿ ಮೈಕಿಗೆ ಬಡೀತು, ಟಣ್! ಅವರಿಗೆ ಸೆಟ್ಟು ಬರೆದುಕೊಟ್ಟ ಹಲ್ಲಿನ ಡಾಕ್ಟರಮ್ಮ ಫೋನ್ ಮಾಡಿ, "ನೋಡಮ್ಮಾ, ಇನ್ನೊಂದು ಸಲ ಹಿಂಗಾದ್ರೆ ನಿನಗೆ ಕೆಲಸ ಕೊಡೋಕಾಗಲ್ಲ" ಅಂದ್ರು. ಇವಳಿಗೆ ಬರೋ ಕೆಲಸವೆಲ್ಲ ಅವರ ಕಡೆಯಿಂದ್ಲೇ. ಅದು ನಿಂತ್ರೆ ಕೋಣೆಗೆ ಬೀಗ.

ಅಳ್ತಾಳೆ ಅಂದ್ಕೊಂಡೆ. ಎಲ್ಲಿ! ನನ್ನ ಮುಂದೆ ಬಂದು ಕೈ ಚಾಚಿದ್ಲು.

"ಅತ್ತೇ, ನಿಮ್ಮ ಸೆಟ್ಟು ಕೊಡಿ. ಅದೂ ನಾನೇ ಮಾಡಿದ್ದು. ಮುರಿದು ನೋಡ್ಬೇಕು."

"ನನ್ನ ಬಾಯೇ ಸಿಕ್ಕಿತಾ ನಿಂಗೆ?"

"ಬೈಯೋಕೆ ನಿಮಗೆ ಹಲ್ಲು ಬೇಕಾ? ಕೊಡಿ."

ಇಕ್ಕಳದಲ್ಲಿ ತಿರುವಿದ್ಲು, ಹಲ್ಲು ಸಲೀಸಾಗಿ ಬಂತು. ಬುಡ ನುಣ್ಣಗಿತ್ತು. ಗುಲಾಬಿ ವಸಡಿನ ಚೂರೂ ಅಂಟಿರಲಿಲ್ಲ. "ಸರಿಯಾಗಿ ಹಿಡಿದಿದ್ರೆ ವಸಡನ್ನೂ ಕಿತ್ಕೊಂಡು ಬರ್ತಿತ್ತು" ಅಂದ್ಲು. ಹಲ್ಲೂ ವಸಡೂ ಒಂದೇ ಜಾತಿ ಪ್ಲಾಸ್ಟಿಕ್ಕಂತೆ. ವಸಡಿನ ಪುಡಿಗೆ ಘಾಟು ವಾಸನೆಯ ದ್ರವ ಹಾಕಿ ಕಲಸ್ತಾಳೆ. ಆ ದ್ರವ ಹಲ್ಲಿನ ಬುಡಕ್ಕೆ ಒಂಚೂರು ಇಳಿದು, ಬಿಸಿನೀರಲ್ಲಿ ಬೆಂದಾಗ ಎರಡೂ ಜಡೆ ಹೆಣೆದಂಗೆ ಹೆಣ್ಕೊಳ್ಳುತ್ತೆ. ಇಲ್ಲಿ ಹೆಣ್ಕೊಂಡೇ ಇಲ್ಲ. ಯಾಕೆ?

ನನಗೆ ಹಾಲಲ್ಲಿ ನೆನೆಸಿದ ಬ್ರೆಡ್ಡೇ ಗತಿ. ಅದನ್ನ ಚಪ್ಪರಿಸ್ತಾ ಅವಳ ಬಾಗಿಲಲ್ಲೇ ಕೂತೆ. ಹೊಸ ಸೆಟ್ಟಿನ ಅಚ್ಚಿನೊಳಗೆ ಹಲ್ಲು ಬೋರಲಾಗಿ ಕೂತಿದ್ವು. ಪ್ಲಾಸ್ಟರ್ ಅಚ್ಚಿಗೆ ವಸಡು ಕಚ್ಕೊಳ್ಳದಿರಲಿ ಅಂತ ಏನೋ ನೀರು ಹಚ್ತಾಳೆ. ಆ ಕುಂಚ ಆಡಿಸೋದು ನೋಡಿ ತಡೀಲಿಲ್ಲ.

"ಏನೇ ಇದು, ಗೇಟಿಗೆ ಪೇಂಟ್ ಬಳಿದಂಗೆ! ಹಲ್ಲಿಗೂ ಸ್ನಾನ ಮಾಡಿಸ್ತಿದ್ದೀಯಲ್ಲ!"

ಕೈ ನಿಂತೇ ಹೋಯ್ತು. "ಅಯ್ಯೋ ಅತ್ತೇ, ಅಂಟಬಾರದು ಅಂತ ಹಚ್ಚೋದನ್ನ ಅಂಟಬೇಕಾದ ಜಾಗಕ್ಕೇ ಹಚ್ತಿದ್ದೀನಿ!"

ಆ ಅಚ್ಚನ್ನ ಬದಿಗಿಟ್ಟು ಮೊದಲಿಂದ ಶುರು ಮಾಡಿದ್ಲು. ಕುದಿಯೋ ನೀರು ಹುಯ್ದು, ಮೊದಲು ಹಲ್ಲು ಕೂರಿಸಿದ್ದ ಮೇಣದ ಜಿಡ್ಡು ತೆಗೆದ್ಲು, ಹಲ್ಲಿನ ಬುಡ ಕೆರೆದು ತರಿತರಿ ಮಾಡಿದ್ಲು, ಸಣ್ಣ ಕುಂಚದಲ್ಲಿ ಹಲ್ಲು ಬಿಟ್ಟು ಸುತ್ತಲ ಪ್ಲಾಸ್ಟರಿಗೆ ಮಾತ್ರ ಆ ನೀರು ಹಚ್ಚಿದ್ಲು. ಊಟಕ್ಕೆ ಕರೆದ್ರೂ ಏಳಲಿಲ್ಲ. ಮೇಷ್ಟ್ರದೂ ನನ್ನದೂ ಒಂದೇ ಪಾತ್ರೇಲಿ ಬೆಂದಿವೆ. ಈಗ ತಣ್ಣಗಾಗ್ತಿವೆ, ಅವಸರಪಟ್ಟು ತೆಗೆದ್ರೆ ಸೊಟ್ಟ ಆಗುತ್ತಂತೆ. ಸಂಜೆ ಡಾಕ್ಟರಮ್ಮನ ಎದುರಿಗೇ ನಾನು ಕಚ್ಚಿ ತೋರಿಸ್ಬೇಕು. ಹಲ್ಲು ಉಳಿದ್ರೆ ಕೋಣೆ ಉಳಿದಂಗೆ.

ಬರೆದಿದ್ದು ಸಾಕು, ಏಳು. ಅಂಗಡಿಗೆ ಹೋಗಿ ಒಂದು ಸೇಬು ತಾ. ಅಜ್ಜಿಗೆ ಅಂದ್ರೆ ಮೆತ್ತಂದು ಕೊಡ್ತಾನೆ, ತಗೋಬೇಡ. ಇದ್ದಿದ್ರಲ್ಲೇ ಗಟ್ಟಿಯಾಗಿರೋದನ್ನ ನೀನೇ ಒತ್ತಿ ನೋಡಿ ಆರಿಸ್ಕೊಂಡು ಬಾ.