ಬೇಬಿ ಆಫ್ ನಾಗಮ್ಮ, ಎರಡು ಸಲ

ಚಂದಮ್ಮ ಮೇಡಂ ಬಸ್ಸಿನಲ್ಲೂ ಎಣಿಸುತ್ತಿದ್ದರು. ಕಮಲಾಪುರದಿಂದ ಕಲಬುರಗಿಗೆ ಬರುವ ಬೆಳಗಿನ ಬಸ್ಸಿಗೆ ಹತ್ತಿದ ಮಕ್ಕಳೆಷ್ಟು, ಇಳಿದವರೆಷ್ಟು ಎಂಬ ಲೆಕ್ಕ ಅವರಿಗೆ ಬೇಕಿತ್ತು. ಯಾರ ಮಕ್ಕಳಾದರೂ ಸರಿಯೇ. ಒಂದು ಕಡಿಮೆ ಬಿದ್ದರೆ ಸೀಟಿನಡಿ ಬಗ್ಗಿ ನೋಡಿ, ನಿದ್ದೆ ಹೋದವನನ್ನು ಎಬ್ಬಿಸಿ ಇಳಿಸುತ್ತಿದ್ದರು. ಇದನ್ನು ನಾನು ಕಣ್ಣಾರೆ ಕಂಡೆನೋ, ಅವರ ಬಾಯಲ್ಲಿ ಕೇಳಿ ಕಂಡಂತೆ ಅಂದುಕೊಂಡೆನೋ ಖಚಿತವಿಲ್ಲ. ಅವರ ವಿಷಯದಲ್ಲಿ ನನ್ನ ನೆನಪಿನ ಮೇಲೆ ನನಗೇ ಗುಮಾನಿ.

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಕಡೆ ಒಂದು ಮನೆಯ ಮೇಲಂತಸ್ತಿನಲ್ಲಿ ನಮ್ಮ ಸಣ್ಣ ಆಫೀಸಿತ್ತು. ಹೆರಿಗೆ ಆಸ್ಪತ್ರೆಗಳಿಂದ ಹುಟ್ಟಿದ ಮಕ್ಕಳ ವಿವರ ತರಿಸಿಕೊಂಡು, ಯಾವ ಮಗುವಿಗೆ ಯಾವತ್ತು ಲಸಿಕೆ ಎಂಬ ಪಟ್ಟಿಯನ್ನು ನರ್ಸುಗಳ ಮೊಬೈಲಿಗೆ ಕಳಿಸುವುದು ನಮ್ಮ ವೆಬ್ ಸರ್ವಿಸಿನ ಕೆಲಸ. ವಿವರ ಎಕ್ಸ್‌ಎಮ್‌ಎಲ್ ರೂಪದಲ್ಲಿ ಬರುತ್ತಿತ್ತು. ಅಂದರೆ ಪ್ರತಿ ಮಾಹಿತಿಯ ಹಿಂದೊಂದು ಮುಂದೊಂದು ಹೆಸರಿನ ಚೀಟಿ. ಆ ಚೀಟಿಗಳನ್ನು ಓದಿ, ತಾಯಿಯ ಹೆಸರು, ಹುಟ್ಟಿದ ದಿನ, ತೂಕ ಇವನ್ನು ಪ್ರೋಗ್ರಾಮಿನೊಳಗೆ 'ಮಗು' ಎಂಬ ಆಬ್ಜೆಕ್ಟಿನ ಆಯಾ ಖಾನೆಗೆ ಇಳಿಸುವ ಕೋಡ್ ನನ್ನದು. ನಾನು ಯೂನಿವರ್ಸಿಟಿಯಲ್ಲಿ ಎಂಸಿಎ ಓದಿದವನು. ನನ್ನ ಕೋಡನ್ನು ಪರೀಕ್ಷಿಸಿ ಸಹಿ ಹಾಕುವವರು ಚಂದಮ್ಮ ಮೇಡಂ. ಅವರು ಮೊದಲು ಅಂಗನವಾಡಿ ಸಹಾಯಕಿ. ಆಮೇಲೆ ಕಂಪ್ಯೂಟರ್ ಕಲಿತವರು. ಇವರಿಗೇನು ತಿಳಿದೀತು ಎಂಬುದು ನನ್ನ ಮೊದಲ ಅನುಮಾನ.

ಅವರಿಗೆ ಪರದೆಯ ಮೇಲೆ ನಂಬಿಕೆಯಿರಲಿಲ್ಲ. ಬಂದ ಫೈಲನ್ನು ಕಾಗದಕ್ಕಿಳಿಸಿ, ತೆರೆಯುವ ಚೀಟಿಯಿಂದ ಮುಚ್ಚುವ ಚೀಟಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು.

"ಡಬ್ಬಿ ಮ್ಯಾಲ ತೊಗರಿಬ್ಯಾಳಿ ಅಂತ ಬರದಿರ್ತದ. ಮುಚ್ಚಳ ತಗದ್ರ ಕಡ್ಲಿಬ್ಯಾಳಿ! ಹೆಸರು ನಂಬಬ್ಯಾಡೋ ತಮ್ಮಾ, ಒಳಗ ಕೈ ಹಾಕಿ ನೋಡು" ಎನ್ನುವರು. ಕೊನೆಗೆ ಒಂದೇ ಪ್ರಶ್ನೆ: "ಒಳಗ ಎಷ್ಟ್ ಹ್ವಾದ್ವು? ಹೊರಗ ಎಷ್ಟ್ ಬಂದ್ವು?"

ಒಮ್ಮೆ ಯಾವುದೋ ಆಸ್ಪತ್ರೆ ಮಗುವಿನ ತೂಕ ಬರೆಯದೆ ಕಳಿಸಿತ್ತು. ಖಾಲಿ ಖಾನೆಗೆ ನನ್ನ ಕೋಡ್ ಸೊನ್ನೆ ತುಂಬಿತು. ಮೇಡಂ ಆ ಹಾಳೆ ಹಿಡಿದು ನನ್ನ ಮೇಜಿಗೆ ಬಂದರು.

"ಏನೋ ಯೂನಿವರ್ಸಿಟಿ, ಸೊನ್ನಿ ಕಿಲೋ ಕೂಸು! ಗಾಳಿ ಹಡದಾಳೇನು ಆಕಿ?"

"ಅವರು ತೂಕ ಕಳಿಸಿಲ್ಲರಿ ಮೇಡಂ."

"ಗೊತ್ತಿಲ್ಲ ಅನ್ನೋದು ಬ್ಯಾರೆ, ಇಲ್ಲ ಅನ್ನೋದು ಬ್ಯಾರೆ. ನಿಮ್ಮ ಸಾಲ್ಯಾಗ ಇಷ್ಟೂ ಹೇಳಿಕೊಟ್ಟಿಲ್ಲೇನು?"

ಇಡೀ ಆಫೀಸು ನಕ್ಕಿತು. ಅಂದಿನಿಂದ ನಾನು ಅವರಿಗಿಂತ ಜಾಣನೆಂದು ತೋರಿಸುವ ಸಂದರ್ಭಕ್ಕೆ ಕಾದಿದ್ದೆ ಎಂದು ಈಗ ಅನಿಸುತ್ತದೆ.

ನೆಟ್ ಕೈಕೊಟ್ಟಾಗ ಆಸ್ಪತ್ರೆಗಳಿಂದ ಒಂದೇ ವಿವರ ಎರಡೆರಡು ಸಲ ಬರುತ್ತಿತ್ತು. ಅದಕ್ಕೆ ನಾನೊಂದು ನಿಯಮ ಬರೆದೆ: ಮಗುವಿನ ಹೆಸರು, ತಾಯಿ, ಹುಟ್ಟಿದ ದಿನ, ಮೂರೂ ಒಂದೇ ಆಗಿದ್ದರೆ ಎರಡನೆಯದು ನಕಲು, ಅದನ್ನು ಬಿಡು. ಮೇಡಂ ಸಹಿ ಹಾಕಿದರು. ಪಟ್ಟಿ ಚೊಕ್ಕಟವಾಯಿತು. ಆದರೆ ನಮ್ಮ ಕಡೆ ತೊಟ್ಟಿಲಿಗೆ ಹಾಕುವವರೆಗೆ ಕೂಸಿಗೆ ಹೆಸರಿಡುವುದಿಲ್ಲ. ಅಲ್ಲಿಯವರೆಗೆ ಆಸ್ಪತ್ರೆಯ ದಾಖಲೆಯಲ್ಲಿ ಅದು ಬರೀ 'ಬೇಬಿ ಆಫ್ ನಾಗಮ್ಮ'. ನಾಗಮ್ಮ ಅವಳಿ ಹೆತ್ತಿದ್ದಳು.

ನಾಗಮ್ಮ ನಮ್ಮ ಮೇಡಂ ಅವರ ಓಣಿಯವಳೇ. ಲಸಿಕೆಯ ದಿನ ನರ್ಸಿನ ಪಟ್ಟಿಯಲ್ಲಿ ಒಂದೇ ಕೂಸಿತ್ತು. ಇನ್ನೊಂದು ಚುಚ್ಚುಮದ್ದಿಲ್ಲದೆ ಮನೆಗೆ ವಾಪಸಾಯಿತು. ಮರುದಿನ ಮೇಡಂ ನನ್ನನ್ನು ಬಸ್ಸು ಹತ್ತಿಸಿ ಕಮಲಾಪುರಕ್ಕೆ ಕರೆದೊಯ್ದರು. ನಾಗಮ್ಮನ ತೊಡೆಯ ಮೇಲೆ ಎರಡು ಕೂಸು. ಒಂದರ ಕಾಲಿಗೆ ಕರಿದಾರ.

"ದಾರ ಬಿಚ್ಚಿದ್ರ ನನಗೂ ಗುರ್ತು ಹತ್ತಂಗಿಲ್ಲರಿ ಸರ" ಎಂದು ನಾಗಮ್ಮ ನಕ್ಕಳು.

ಮೇಡಂ ದಾರವಿಲ್ಲದ ಕೂಸನ್ನೆತ್ತಿ ನನ್ನ ಕೈಗೆ ಕೊಟ್ಟರು. "ಹಿಡಿ. ಇಂವ ನಕಲಂತ."

ನರ್ಸು ಆ ವಾರವೇ ಮನೆಗೆ ಬಂದು ಲಸಿಕೆ ಹಾಕಿದಳು. ಆದರೆ ದೂರು ನಮ್ಮ ಮಾಲೀಕರವರೆಗೆ ಹೋಗಿತ್ತು. ಅವರು ನಮ್ಮಿಬ್ಬರನ್ನೂ ಕರೆಸಿದರು.

"ಇದನ್ನ ಪಾಸ್ ಮಾಡಿದವರು ಯಾರು?"

"ನಾನರಿ. ಸಹಿ ನಂದದ" ಎಂದರು ಮೇಡಂ.

"ನಿಮಗ ಶಕ್ ಬರಲಿಲ್ಲೇನ್ರಿ?"

"ಬಂದಿತ್ತರಿ" ಎಂದಷ್ಟೇ ಹೇಳಿದರು. ಆಗ ಅವರು ನನ್ನತ್ತ ನೋಡಿದರೋ, ಕಿಟಕಿಯತ್ತಲೋ? ನಾನು ತಲೆ ತಗ್ಗಿಸಿದ್ದೆ. ಮುಂದಿನ ತಿಂಗಳು ಅವರ ಗುತ್ತಿಗೆ ನವೀಕರಣವಾಗಲಿಲ್ಲ. ನನ್ನದಾಯಿತು.

ಈ ಕಥೆಯನ್ನು ನಾನು ಅನೇಕರಿಗೆ ಹೇಳಿದ್ದೇನೆ. ಪ್ರತಿ ಸಲವೂ 'ಅವರೂ ಗಮನಿಸಲಿಲ್ಲ' ಎಂದೇ ಹೇಳಿದ್ದೇನೆ. ಹೇಳುವಾಗಲೆಲ್ಲ ಒಂದು ದನಿ ಒಳಗೆ ಕೆದಕುತ್ತಿತ್ತು: "ಅವಳಿ ಇದ್ರ?" ಅದು ಅವರು ನಿಜವಾಗಿ ಕೇಳಿದ ಪ್ರಶ್ನೆಯೋ, ನನ್ನ ತಪ್ಪಿತಸ್ಥ ಮನಸ್ಸು ಆಮೇಲೆ ಹುಟ್ಟಿಸಿಕೊಂಡದ್ದೋ?

ಎರಡು ವರ್ಷದ ಮೇಲೆ ತಡೆಯಲಾರದೆ ಕೇಳಲು ಕಮಲಾಪುರಕ್ಕೆ ಹೋದೆ. ಮೇಡಂ ಬಾಗಿಲಲ್ಲಿ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. "ಬಾರೋ ಯೂನಿವರ್ಸಿಟಿ" ಎಂದು ಕೆಂಪು ಬಾಳೆಹಣ್ಣು ಕೊಟ್ಟರು.

"ಮೇಡಂ, ಆ ನಿಯಮ ಬರದಾಗ ನೀವು ಅವಳಿ ಇದ್ರ ಅಂತ ಕೇಳಿದ್ರೇನು?"

ಬೇಳೆಯಿಂದ ಒಂದು ಹರಳು ಹೆಕ್ಕಿ ಅಂಗಳಕ್ಕೆ ಎಸೆದರು. "ಹೂಂ ಅಂದ್ರ ನಿನಗ ಹಗುರ ಆಗ್ತದೋ, ಇಲ್ಲ ಅಂದ್ರೋ?"

ನಾನು ಕೈಯಲ್ಲಿದ್ದ ಹಣ್ಣಿನ ಸಿಪ್ಪೆ ಸುಲಿಯತೊಡಗಿದೆ. "ಹಣ್ಣ್ ತಿನ್ನು" ಎಂದರು. ಅದೇ ಕೊನೆಯ ಭೇಟಿ.

ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿದು ಹೋದೆ. ಅವರ ಮಗಳು ಮಡಿಚಿದ ಕಾಗದವೊಂದನ್ನು ಕೊಟ್ಟಳು. "ನಿಮ್ಮ ಆಫೀಸಿಂದರಿ. ಹರೀಬ್ಯಾಡ ಅಂದಿದ್ಳು ಅವ್ವ."

ನನ್ನ ನಿಯಮದ ಹಾಳೆ. ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ 'ಅವಳಿ ಇದ್ದರೆ?' ಅದರ ಕೆಳಗೆ ನೀಲಿ ಶಾಯಿಯಲ್ಲಿ 'ನೋಡಿದ್ದೇನೆ, ಸರಿ ಇದೆ.' ಅದರ ಕೆಳಗೆ ಅವರ ಸಹಿ. ಯಾವ ಡಬ್ಬಿಯನ್ನೂ ಮುಚ್ಚಳ ತೆರೆಯದೆ ನಂಬದವರು ನನ್ನ ಒಂದು ಮಾತನ್ನು ಹಾಗೆಯೇ ನಂಬಿದ್ದರು. ಮಾಲೀಕರ ಮುಂದೆ ನಿಂತ ದಿನವೂ ಈ ಕಾಗದ ಅವರ ಬಳಿಯೇ ಇತ್ತು.

ಆ ನೀಲಿ ಅಕ್ಷರ ನಿಜಕ್ಕೂ ನನ್ನದೇನಾ ಎಂಬ ಅನುಮಾನ ಆಗಲೂ ಸಾಯಲಿಲ್ಲ. ಬಸ್ಸಿನಲ್ಲಿ ಕೂತು, ಜೇಬಿನ ಪೆನ್ನು ತೆಗೆದು, ಅದೇ ಮಾತನ್ನು ಕೆಳಗೆ ಇನ್ನೊಮ್ಮೆ ಬರೆದೆ: 'ನೋಡಿದ್ದೇನೆ, ಸರಿ ಇದೆ.' ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿದೆ. ಎರಡೂ ಒಬ್ಬನವೇ.